ನಿಮ್ಮ ಬ್ರೌಸರ್ ಹಳೆಯದು

ನಮ್ಮಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಣ್ಣಾಸ್ಪತ್ರೆಯೊಂದರ ವೆಬ್‌ಸೈಟ್ ನೋಡಿಕೊಳ್ಳುವ ಪುಟ್ಟ ಆಫೀಸಿನಲ್ಲಿ ಅವಳ ಕೆಲಸ. ರೋಗಿಗಳು ಡಾಕ್ಟರ ಭೇಟಿಗೆ ಸಮಯ ಗೊತ್ತುಮಾಡಿಕೊಳ್ಳಬೇಕಾದದ್ದು ಅಲ್ಲೇ. ಫೋನ್ ಮಾಡಿದರೆ ಆಸ್ಪತ್ರೆಯವರು ‘ವೆಬ್‌ಸೈಟ್ ನೋಡಿ’ ಎಂದು ಕೈತೊಳೆದುಕೊಳ್ಳುತ್ತಿದ್ದರು. ಆ ಸೈಟಿನ ಬಾಗಿಲಲ್ಲೇ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಕಾವಲುಗಾರನ ಹಾಗೆ ಕೂತಿತ್ತು. ಬಂದವರದು ಫೋನೋ ಕಂಪ್ಯೂಟರೋ, ಬ್ರೌಸರ್ ಯಾವುದು, ಅದರ ವರ್ಷನ್ ಎಷ್ಟು ಎಂದು ಜಾತಕ ಜಾಲಾಡಿ, ಹಳೆಯದೆನಿಸಿದರೆ ‘ನಿಮ್ಮ ಬ್ರೌಸರ್ ಹಳೆಯದು, ಅಪ್‌ಡೇಟ್ ಮಾಡಿ ಬನ್ನಿ’ ಎಂದು ಹೊರಗಟ್ಟುತ್ತಿತ್ತು.

ಅಕ್ಕನಿಗೆ ಅದನ್ನು ಕಂಡರಾಗದು. “ಬಂದವರ ಬ್ರೌಸರಿನ ಹೆಸರು, ವಯಸ್ಸು ಕಟ್ಕೊಂಡು ನಮಗೇನಾಗ್ಬೇಕು ಸರ್? ಪುಟ ತೆರೆಯುತ್ತಾ ಇಲ್ವಾ, ಅಷ್ಟು ನೋಡಿದ್ರೆ ಸಾಕಲ್ವಾ?” ಎಂದು ಮ್ಯಾನೇಜರಿಗೆ ಹೇಳಿ ಹೇಳಿ ಅವಳಿಗೆ ಬಾಯಿ ನೋವು ಬಂದಿತ್ತು. ಆ ಮಹಾನುಭಾವರು “ನೋಡೋಣಮ್ಮ” ಎನ್ನುತ್ತಿದ್ದರು. ನೋಡುತ್ತಲೇ ಇದ್ದರು.

ಅಷ್ಟರಲ್ಲಿ ಬ್ರೌಸರಿನ ವರ್ಷನ್ ತೊಂಬತ್ತೊಂಬತ್ತು ದಾಟಿ ನೂರಾಯಿತು. ಸ್ಕ್ರಿಪ್ಟ್ ಬರೆದ ಯಾರೋ ಪುಣ್ಯಾತ್ಮ ಅದಕ್ಕೆ ಮೊದಲ ಎರಡೇ ಅಂಕಿ ಓದಲು ಕಲಿಸಿದ್ದ. ನೂರನ್ನು ಅದು ಹತ್ತು ಎಂದು ಓದಿಕೊಂಡಿತು. ಹೇಳಿದ ಮಾತು ಕೇಳಿ ಅಪ್‌ಡೇಟ್ ಮಾಡಿಕೊಂಡವರೆಲ್ಲ ಹೊರಗೆ, ಮಾಡದ ಸೋಮಾರಿಗಳೆಲ್ಲ ಒಳಗೆ! ಅಕ್ಕ ಅದನ್ನು ಪತ್ತೆಹಚ್ಚಿ ಮ್ಯಾನೇಜರ್ ಹತ್ತಿರ ಓಡಿದಳು.

“ಈ ಸ್ಕ್ರಿಪ್ಟ್ ಈಗ್ಲೇ ತೆಗೀಬೇಕು ಸರ್.”

“ಆಸ್ಪತ್ರೆಯವರು ಒಪ್ಪದೆ ಕೈ ಹಾಕೋ ಹಾಗಿಲ್ಲಮ್ಮ. ಮುಂದಿನ ಮೀಟಿಂಗ್‌ನಲ್ಲಿ ಹೇಳೋಣ. ದೂರು ಒಂದೂ ಬಂದಿಲ್ವಲ್ಲ, ನಿಂಗ್ಯಾಕೆ ಇಷ್ಟು ಅವಸರ?”

“ದೂರು ಕೊಡೋ ಪುಟಾನೂ ಅದೇ ಬಾಗಿಲ ಒಳಗಿದೆ ಸರ್. ಒಳಗೆ ಬಿಟ್ರೆ ತಾನೆ ಕೊಡೋದು?”

ಮೀಟಿಂಗ್ ಮುಂದಕ್ಕೆ ಹೋಯಿತು. ಮತ್ತೆ ಹೋಯಿತು. ಅಕ್ಕ ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು. ನಮ್ಮ ಸ್ಟೀಲಿನ ಲೋಟಗಳೆಲ್ಲ ಸೊಟ್ಟಗಾದದ್ದು ಆಗಲೇ. ಆ ಮ್ಯಾನೇಜರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಊರಿನ ಆ ತುದಿಯಲ್ಲಿ ನಮ್ಮ ಚಿಕ್ಕಮ್ಮನ ಮನೆ. ಒಬ್ಬಳೇ ಇರುತ್ತಾಳೆ. ಒಂದು ದಿನ ಇಬ್ಬರೂ ಹೋದಾಗ ಬಾಗಿಲು ತೆರೆದವಳು ನನ್ನನ್ನು ಅಕ್ಕ ಎಂದುಕೊಂಡು ಮಾತಾಡಿಸಿದಳು. ಬಲಗಣ್ಣು ಮೊದಲೇ ಮಂದ; ಈಗ ಎಡಗಣ್ಣಿಗೆ ಕಪ್ಪು ಪರದೆ ಇಳಿಬಿಟ್ಟ ಹಾಗಾಗಿದೆಯಂತೆ. ಆಟೋ ಹಿಡಿದು ಅದೇ ಆಸ್ಪತ್ರೆಗೆ ಓಡಿದೆವು. ಸಮಯ ಗೊತ್ತುಮಾಡಿಲ್ಲ ಎಂದು ತಡೆದವರೊಂದಿಗೆ ಅಕ್ಕ ಜಗಳಕ್ಕೆ ನಿಂತು ಚಿಕ್ಕಮ್ಮನನ್ನು ಒಳಗೆ ನುಗ್ಗಿಸಿದಳು.

ಡಾಕ್ಟರು ತುಂಬ ಹೊತ್ತು ಪರೀಕ್ಷಿಸಿದರು. “ಪರದೆ ಕಾಣಿಸಿದ ಕೂಡಲೇ ಬಂದಿದ್ರೆ ಉಳಿಸಬಹುದಿತ್ತು. ಇನ್ನು ಈ ಕಣ್ಣಿಗೆ ದೃಷ್ಟಿ ಬರಲ್ಲಮ್ಮ,” ಎಂದರು.

ಹೊರಗೆ ಬಂದದ್ದೇ ಅಕ್ಕ ಜನರ ಪರಿವೆಯಿಲ್ಲದೆ ಕೂಗಾಡಿದಳು. “ಇಷ್ಟು ದಿನ ಯಾಕೆ ಸುಮ್ನಿದ್ದೆ ಚಿಕ್ಕಮ್ಮಾ? ನಂಗೊಂದು ಫೋನ್ ಮಾಡೋಕಾಗ್ಲಿಲ್ವಾ?”

ಚಿಕ್ಕಮ್ಮ ಅವಳ ಕೈ ತಡವಿ ಹಿಡಿದುಕೊಂಡಳು. “ಸುಮ್ನೆಲ್ಲಿದ್ದೆ ಕಣೇ? ದಿನಾ ಆ ಪುಟ ತೆಗೆದು ನೋಡ್ದೆ. ನನ್ನದು ಹಳೇದು ಅಂತಿತ್ತು. ನೀನು ಕಲಿಸಿದ ಹಾಗೇ ಅಪ್‌ಡೇಟ್ ಮಾಡ್ದೆ, ಆಗ್ಲೂ ಬಿಡ್ಲಿಲ್ಲ. ನಾನೇ ಏನೋ ತಪ್ಪು ಒತ್ತುತ್ತಿರಬೇಕು ಅಂದ್ಕೊಂಡೆ. ನೀನು ನೋಡ್ಕೊಳ್ಳೋ ಪುಟ ಅಲ್ವಾ, ಅದು ಸುಳ್ಳು ಹೇಳುತ್ತಾ?”