ಮಂಗಲಕಾಕು ಹೊಡೆಯದ ಪ್ರಾಣಿ

ಉಗಾರ ಖುರ್ದದಲ್ಲಿ ಮಂಗಲಕಾಕುವಿನ ಕಣ್ಣಿಗೆ ಹೆದರದವರು ಕಡಿಮೆ. ಇಪ್ಪತ್ತೆರಡು ವರ್ಷ ಹೊಲಿಗೆ ಕ್ಲಾಸು ನಡೆಸಿ ಊರಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಆದ ಹೆಂಗಸು. ಮದುವೆಮನೆಯಲ್ಲಿ ಯಾರಾದರೂ ಹೊಸ ಕುಪ್ಪಸ ತೊಟ್ಟು ಎದುರಿಗೆ ಬಂದರೆ, ಚೆಂದ ಇದೆ ಎನ್ನುವ ಮೊದಲು ತೋಳಿನ ಅಂಚು ತಿರುವಿ ಒಳಗಿನ ಹೊಲಿಗೆ ನೋಡುತ್ತಾರೆ. ಹೊರಗಡೆ ಎಲ್ಲರೂ ಚೆಂದವಾಗಿಯೇ ಹೊಲಿಯುತ್ತಾರೆ, ಮೈಗಳ್ಳತನವೆಲ್ಲ ಒಳಗಡೆ ಇರುತ್ತದೆ ಎಂಬುದು ಅವರ ಸಿದ್ಧಾಂತ. ಅವರ ಕೈಯಲ್ಲಿ ಕಲಿತವರು ಇವತ್ತಿಗೂ ಅವರನ್ನು ಕಂಡರೆ ಸೆರಗು ಸರಿಮಾಡಿಕೊಳ್ಳುತ್ತಾರೆ.

ಐವತ್ತೇಳನೆಯ ವಯಸ್ಸಿಗೆ ಮೊಣಕಾಲು ಕೈಕೊಟ್ಟು ಹೊಲಿಗೆ ಮಷೀನು ತುಳಿಯುವುದು ನಿಂತಾಗ, ಈ ಕಣ್ಣಿಗೆ ಕೆಲಸವಿಲ್ಲದಂತಾಯಿತು. ಮಗಳು ರೂಪಾಲಿ ಮದುವೆಯಾಗಿ ರಾಯಬಾಗಕ್ಕೆ ಹೋಗುವಾಗ ತನ್ನ ಕಂಪ್ಯೂಟರನ್ನು ತವರಲ್ಲೇ ಬಿಟ್ಟಿದ್ದಳು. ಕಾಕು ಮೊದಲು ಅದರಲ್ಲಿ ಇಸ್ಪೀಟು ಆಡಿದರು, ನಾಲ್ಕೇ ದಿನಕ್ಕೆ ಬೇಜಾರಾಯಿತು. ಆಮೇಲೆ ದೊಡ್ಡ ಗೇಮುಗಳಿಗೆ ಕೈ ಹಾಕಿದರು. ನಮಗೆ ಬೇಕಾದ ಪಾತ್ರವೊಂದನ್ನು ಆರಿಸಿ, ಅದಕ್ಕೆ ಹೆಸರಿಟ್ಟು, ಕಸುಬು ಕೊಟ್ಟು, ಇನ್ನೊಂದು ಲೋಕದಲ್ಲಿ ತಿಂಗಳುಗಟ್ಟಲೆ ಬದುಕುವಂಥ ಗೇಮುಗಳು ಅವು. ಓಣಿಯವರು ನಕ್ಕರು. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮುಂದೆ ಆಯುಷ್ಯ ಕಳೆದು ನಿವೃತ್ತರಾದ ಗಂಡ ಕಾಕಾಸಾಹೇಬರು ಎಲ್ಲರಿಗಿಂತ ಜಾಸ್ತಿ ನಕ್ಕರು, ಎಲ್ಲರಿಗಿಂತ ಹತ್ತಿರ ಕುರ್ಚಿ ಹಾಕಿಕೊಂಡು ಕೂತು ನೋಡಿದವರೂ ಅವರೇ.

ಈ ಸುದ್ದಿ ನಿಪ್ಪಾಣಿಯ ಸುಹಾಸ ಎಂಬ ಹುಡುಗನಿಗೆ ಮುಟ್ಟಿತು. ಅವನು ಮೂವರು ಗೆಳೆಯರನ್ನು ಕಟ್ಟಿಕೊಂಡು ಹಳೆಯ ತಂಬಾಕಿನ ಗೋದಾಮಿನ ಮೇಲಿನ ಕೋಣೆಯಲ್ಲಿ 'ಕೆಂಪು ಹೊಳೆ' ಎಂಬ ಗೇಮ್ ಮಾಡುತ್ತಿದ್ದ. ಮುನ್ನೂರು ವರ್ಷ ಮುಂದಿನ ಕಾಲ, ಯಾವುದೋ ದೂರದ ಗ್ರಹ, ಅಲ್ಲೊಂದು ಕೆಂಪು ನೀರಿನ ಹೊಳೆ, ಆಚೆ ದಡದಲ್ಲಿ ಮನುಷ್ಯರು ಮರೆತುಬಿಟ್ಟ ಊರು. ಬಿಡುಗಡೆಗೆ ಮುಂಚೆ ಹತ್ತು ಜನ ಹನ್ನೆರಡು ದಿನ ಆಡಿ, ಗೇಮಿನ ರಚನೆ ಹೇಗಿದೆ ಎಂದು ಫಾರ್ಮ್ ತುಂಬಿಕೊಡಬೇಕಿತ್ತು. ಹತ್ತನೆಯವರಾಗಿ ಅವನು ಕಾಕುವಿನ ಹೆಸರು ಸೇರಿಸಿದ.

"ಮುಲಾಜು ಬ್ಯಾಡ್ರಿ ಕಾಕು, ತಪ್ಪು ಕಂಡದ್ದೆಲ್ಲಾ ಬರೀರಿ," ಎಂದ ಫೋನಿನಲ್ಲಿ.

"ಅದನ್ನ ನನಗ ಹೇಳೂದು ಬ್ಯಾಡಪಾ," ಎಂದರು ಕಾಕು.

ಗೇಮ್ ತೆರೆದ ಕೂಡಲೇ ದೊಡ್ಡ ಅಕ್ಷರಗಳಲ್ಲಿ ಒಂದು ಮಾತು ಬಂತು: 'ನಿಮ್ಮ ದಾರಿಯನ್ನು ನೀವೇ ಆರಿಸಿಕೊಳ್ಳಿ.' ಬೇರೆಯವರು ಅದನ್ನು ಜಾಹೀರಾತು ಎಂದು ದಾಟಿಹೋದರು. ಕಾಕು ಅದನ್ನು ಕೊಟ್ಟ ಮಾತು ಎಂದು ಹಿಡಿದುಕೊಂಡರು. ವೈದ್ಯೆಯ ಪಾತ್ರ ಆರಿಸಿ, ಅದಕ್ಕೆ ತಮ್ಮ ತಾಯಿ ಅಕ್ಕವ್ವನ ಹೆಸರಿಟ್ಟು, ಒಂದು ಜೀವವನ್ನೂ ಕೊಲ್ಲದೆ ಕೊನೆ ಮುಟ್ಟುವುದು ಎಂದು ನಿಶ್ಚಯಿಸಿದರು. ಹಾಗೆ ಹೋಗುವ ದಾರಿ ಇದ್ದರೆ ಆ ಮಾತು ನಿಜ, ಇಲ್ಲದಿದ್ದರೆ ಸುಳ್ಳು.

"ಅದು ಬರೇ ಚಿತ್ರ ಐತಿ," ಎಂದರು ಕಾಕಾಸಾಹೇಬರು. "ಅದಕ್ಕ ಜೀವ ಎಲ್ಲಿಂದ ಬಂತ?"

"ಸಕ್ಕರಿ ಗಿಳಿಗೆ ಜೀವ ಇತ್ತೇನ್ರಿ? ನಮ್ಮವ್ವ ಯಾಕ ಕಡೀಗೊಡ್ತಿರಲಿಲ್ಲ?"

ಗೌರಿ ಹುಣ್ಣಿಮೆಗೆ ನೆರೆಮನೆಯವರು ಸಕ್ಕರೆ ಆರತಿ ಕೊಟ್ಟರೆ, ಅದರಲ್ಲಿನ ಆನೆ, ಕುದುರೆ, ಗಿಳಿಗಳನ್ನು ಗಂಡ ಹೆಂಡತಿ ಇಬ್ಬರ ಜೈನ ಮನೆಗಳಲ್ಲೂ ಮಕ್ಕಳ ಬಾಯಿಗೆ ಹಾಕುತ್ತಿರಲಿಲ್ಲ. ಗಿಳಿಯೆಂದು ತಿಳಿದು ಕಡಿದರೆ ಗಿಳಿಯನ್ನೇ ಕಡಿದಂತೆ ಎಂಬ ಲೆಕ್ಕ. ಸಕ್ಕರೆ ಕಾರ್ಖಾನೆಯ ಊರಲ್ಲಿ ಬೆಳೆದ ಹುಡುಗಿಗೆ ಅದೆಂಥ ಶಿಕ್ಷೆ ಎಂದು ಬೇರೆಯವರಿಗೆ ತಿಳಿಯುವುದಲ್ಲ.

ಹತ್ತು ದಿನ ಕಾಕು ಆ ಗ್ರಹದಲ್ಲಿ ಗಾಯ ಕಟ್ಟಿದರು, ಜಗಳ ಬಿಡಿಸಿದರು, ಚೌಕಾಸಿ ಮಾಡಿದರು. ಮೆಚ್ಚಿದ್ದನ್ನು ಮೆಚ್ಚಿಯೇ ಬರೆದರು. ಒಮ್ಮೆ ಮೋಸ ಮಾಡಿದ ದೋಣಿಯವನು ಮತ್ತೆ ಸಿಕ್ಕಾಗ ನಾಚಿ ಮುಖ ತಿರುಗಿಸಿದ್ದಕ್ಕೆ ಪೂರಾ ಅಂಕ ಕೊಟ್ಟರು. ತಪ್ಪುಗಳ ಪಟ್ಟಿ ಮಾತ್ರ ಉದ್ದವಾಗುತ್ತಲೇ ಹೋಯಿತು. ವೈದ್ಯೆ ನಲವತ್ತು ಔಷಧಿ ಹೊತ್ತು ತಿರುಗುತ್ತಾಳೆ, ಅಂಗಿಗೆ ಒಂದು ಜೇಬೂ ಇಲ್ಲ. ಆ ಗ್ರಹದ ರಾತ್ರಿ ನಮ್ಮ ಮೂರು ದಿನದಷ್ಟು ಉದ್ದ, ಹಾಗಾದರೆ ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಗತಿಯೇನು? ಅಕ್ಕವ್ವ ಹಸಿವೆಯಿಂದ ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದಳು, ಕಾಕುವಿಗೆ ಸಿಟ್ಟು ನೆತ್ತಿಗೇರಿತ್ತು.

ಹನ್ನೊಂದನೆಯ ದಿನ ಕೊನೆಯ ಬಾಗಿಲು ಬಂತು. ಅದರ ಮುಂದೆ ಎಮ್ಮೆಗಿಂತ ದೊಡ್ಡ, ಎಂಟು ಕಾಲಿನ ಪ್ರಾಣಿಯೊಂದು ಕೂತಿತ್ತು. ದೂರ ನಿಂತರೆ ಗುರ್ ಎನ್ನುತ್ತದೆ, ನಾಲ್ಕು ಹೆಜ್ಜೆ ಮುಂದಿಟ್ಟರೆ ಮೈಮೇಲೆ ಬರುತ್ತದೆ. ಕಾಕು ಮಾತಾಡಿಸಿ ನೋಡಿದರು, ಆಹಾರ ಇಟ್ಟರು, ನಿದ್ದೆಯ ಔಷಧಿ ಎರಚಿದರು. ಯಾವುದಕ್ಕೂ ಜಗ್ಗಲಿಲ್ಲ. ಮರುದಿನ ಫಾರ್ಮ್ ಕಳಿಸಬೇಕು, ದಾಟದಿದ್ದರೆ ಕೊನೆಯ ಸಾಲಿನಲ್ಲಿ 'ಆಟ ಮುಗಿಸಲಿಲ್ಲ' ಎಂದು ಬರೆಯಬೇಕು. ಸೋತರೆ ಅವರಿಗೇನೂ ಬೇಸರವಿರಲಿಲ್ಲ. ತಮ್ಮ ತಾಯಿಯಂಥವಳಿಗೆ ಆ ಲೋಕದಲ್ಲಿ ಜಾಗವೇ ಇಲ್ಲ ಎಂದಾಗುವುದು ಮಾತ್ರ ಮನಸ್ಸಿಗೆ ನಿಜವಾಗಿಯೂ ನೋವು ತಂದಿತ್ತು.

"ನೀ ಆ ಕಡಿ ನೋಡು," ಎಂದರು ಕಾಕಾಸಾಹೇಬರು. "ನಾ ಒಂದ ಸಲ ಬಟನ್ ಒತ್ತತೀನಿ, ಮುಗೀತು."

"ಮಾಡಿದ್ರೂ ಅದ ಪಾಪ, ಮಾಡಿಸಿದ್ರೂ ಅದ ಪಾಪ. ಸುಮ್ನ ಕುಂಡ್ರಿ."

ಅಷ್ಟರಲ್ಲಿ ಹೊತ್ತು ಇಳಿಯತೊಡಗಿತ್ತು. ಸೂರ್ಯ ಮುಳುಗುವುದರೊಳಗೆ ಊಟ ಆಗಬೇಕು. ಕಾಕು ಗೇಮನ್ನು ಹಾಗೇ ಬಿಟ್ಟು ಎದ್ದು, ರೊಟ್ಟಿ ಬಡಿದು, ಗಂಡನಿಗೆ ಬಡಿಸಿ, ತಾವೂ ಉಂಡು, ಪಾತ್ರೆ ತೊಳೆದಿಟ್ಟು ಬಂದರು. ನೋಡಿದರೆ ಬಾಗಿಲ ಮುಂದೆ ಯಾರೂ ಇಲ್ಲ! ಪ್ರಾಣಿ ತಾನಾಗಿಯೇ ಎದ್ದು ಎಡಗಡೆಯ ಗುಡ್ಡದ ಸಂದಿಯೊಳಗೆ ಹೋಗುತ್ತಿತ್ತು. ಕಾಕು ಉಸಿರು ಬಿಗಿಹಿಡಿದು ಅಕ್ಕವ್ವನನ್ನು ನಡೆಸಿದರು. ಬಾಗಿಲು ತೆರೆಯಿತು, ಊರು ಕಂಡಿತು, ಆಟ ಮುಗಿಯಿತು. ಇಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು.

ಮರುದಿನ ಮುಂಜಾನೆ ಫಾರ್ಮ್ ತುಂಬುವಾಗ ಕಾಕುವಿನ ಕೈ ತಡೆಯಿತು. ಬಾಗಿಲು ಕಾಯುವ ಪ್ರಾಣಿ ತಾಸು ಹೊತ್ತಿಗೆ ತಾನಾಗಿ ಎದ್ದು ಹೋಗುವುದು ಮಾಡಿದವರ ಕೈತಪ್ಪೇ ಇರಬೇಕು. ಬರೆದರೆ ಅದನ್ನು ಮುಚ್ಚುತ್ತಾರೆ, ಕೊಲ್ಲದೆ ಹೋಗುವ ಒಂದೇ ಒಂದು ದಾರಿಯೂ ಹೋಗುತ್ತದೆ. ಬರೆಯದಿದ್ದರೆ ಸುಳ್ಳಾಡಿದಂತೆ. ಇಪ್ಪತ್ತೆರಡು ವರ್ಷ ಊರವರ ಹೊಲಿಗೆ ಬಿಚ್ಚಿ ತೋರಿಸಿದವರು ಈಗ ತಮಗೆ ಬೇಕೆಂದು ಒಂದನ್ನು ಮುಚ್ಚಿಡುವುದೆ? ಅರ್ಧ ತಾಸು ಒದ್ದಾಡಿ, ನಲವತ್ತೊಂದನೆಯ ತಪ್ಪೆಂದು ಅದನ್ನೂ ಬರೆದು ಕಳಿಸಿದರು.

ಮಧ್ಯಾಹ್ನ ಸುಹಾಸನ ಫೋನ್ ಬಂತು. "ಭಾಳ ದೊಡ್ಡ ತಪ್ಪು ಹಿಡದೀರಿ ಕಾಕು! ಇವತ್ತ ಮುಚ್ಚಿಬಿಡ್ತೀವ್ರಿ."

ಕಾಕು, "ಮುಚ್ಚಪಾ. ಹಂಗ 'ನಿಮ್ಮ ದಾರಿಯನ್ನು ನೀವೇ ಆರಿಸಿಕೊಳ್ಳಿ' ಅಂತ ಬರದೀರಲ್ಲಾ, ಅದನ್ನೂ ತಗದಬಿಡು. ಅದು ಖರೇ ಉಳಿಯೂದಿಲ್ಲ," ಎಂದರು.

ಸುಹಾಸ ಫೋನನ್ನು ಪಕ್ಕದವರ ಕೈಗೆ ಕೊಟ್ಟ. ಆಮೇಲೆ ಒಂದು ಹೆಣ್ಣುದನಿ ಬಂತು, ಗೇಮಿನ ಪ್ರಾಣಿಗಳನ್ನೆಲ್ಲ ಮಾಡಿದ ನೀಲಮಳದು. "ಕಾಕು, ತಪ್ಪು ನಂದ್ರಿ. ಎಲ್ಲಾ ಪ್ರಾಣಿಗೂ ಗೂಡು, ಮೊಟ್ಟಿ ಅಂತ ಬರದಿದ್ನಿ. ಬಾಗಲಾ ಕಾಯೋದಕ್ಕ ಅಷ್ಟ ತಗೀಬೇಕಿತ್ತು, ಮರತ್ನಿ. ಅದು ಮೊಟ್ಟಿ ನೋಡಾಕ ಎದ್ದ ಹೋಗಿತ್ರಿ."

"ಅದಕ್ಕ ಮೊಟ್ಟಿ ಅದಾವ?"

"ನಮಗೂ ಇವತ್ತ ಗೊತ್ತಾತ್ರಿ," ನೀಲಮಳ ದನಿ ಸಣ್ಣಗಾಯಿತು. "ಬಾಕಿ ಒಂಬತ್ತು ಮಂದಿ ಆಡ್ಯಾರ್ರಿ. ಒಬ್ಬರೂ ಒಂದ ನಿಮಿಷ ನಿಂದರಲಿಲ್ಲ. ಬಂದ್ರು, ಹೊಡದ್ರು, ಹೋದ್ರು."

ಕಾಕುವಿನ ಕಣ್ಣು ತುಂಬಿತು, ಚಿತ್ರದ ಪ್ರಾಣಿಗೆ ಅಳುವುದೇನು ಎಂದು ತಮ್ಮನ್ನೇ ಬೈದುಕೊಂಡರು. ಅಷ್ಟರಲ್ಲಿ ಸುಹಾಸ ಮತ್ತೆ ಫೋನಿಗೆ ಬಂದ. "ಮುಚ್ಚೂದಿಲ್ರಿ ಕಾಕು. ದಾರಿ ಇರಲಿ, ಮಾತೂ ಇರಲಿ."

ಇಷ್ಟು ಹೊತ್ತು ಫೋನಿಗೆ ಕಿವಿ ಹಚ್ಚಿ ನಿಂತಿದ್ದ ಕಾಕಾಸಾಹೇಬರು ತಡೆಯಲಾರದೆ, "ಮರಿ ಯಾವಾಗ ಆಗತಾವ ಕೇಳು," ಎಂದರು.

ಕಾಕು ಕೇಳಿದರು. ನೀಲಮ ಹಿಂದಿನಿಂದ ಅಳುಕುತ್ತ, "ಮೊಟ್ಟಿ ಇಡೂದ ಅಷ್ಟ ಬರದೀನ್ರಿ, ಒಡಿಯೂದು ಬರದಿಲ್ಲ," ಎಂದಳು.

"ಸುಹಾಸಾ," ಎಂದರು ಕಾಕು. ಅವರ ದನಿ ಹೊಲಿಗೆ ಕ್ಲಾಸಿನ ದನಿಗೆ ಏರಿತ್ತು. "ಫಾರ್ಮಿನಾಗ ಆಟ ಮುಗಿಸೇನಿ ಅಂತ ಬರದೀನಲ್ಲ, ಅದನ್ನ ಅಳಸು. ಮರಿ ಹುಟ್ಟಲಿ, ಆಮ್ಯಾಲ ಬರೀತೀನಿ."