ಕಿಗ್ಗದ ಮನೆಯ ಭರಣಿ ಗಂಟು

ಈ ವಯಸ್ಸಿನಲ್ಲಿ ಅಜ್ಜಿ ವೈನ್ ಕುಡಿದಳಾ ಇಲ್ಲವಾ, ಇದನ್ನೇ ತಾನೆ ನೀವು ಮೊದಲು ಕೇಳುವುದು? ಕೇಳಿ, ಸಂಕೋಚ ಯಾಕೆ? ನಮ್ಮ ಬೀದಿಯವರೆಲ್ಲ ಆಗಲೇ ಕೇಳಿ ಮುಗಿಸಿದ್ದಾರೆ. ಹೌದು, ಕುಡಿದೆ. ಬೆಳಿಗ್ಗೆ ಎರಡು ಚಮಚ ನೆಲ್ಲಿಕಾಯಿ ವೈನ್. ಆದರೆ ನಾನು ಹೇಳಹೊರಟ ಸಂಗತಿ ನಡೆದದ್ದು ಮಧ್ಯಾಹ್ನ ಹೊಟ್ಟೆ ತುಂಬ ಅನ್ನ, ಸಾರು, ಹಪ್ಪಳ ಉಂಡ ಎಷ್ಟೋ ಹೊತ್ತಿನ ಮೇಲೆ. ಹಾಗಾಗಿ ಅಮಲಿನ ಮಾತು ಬೇಡ. ಅಮಲಿನಲ್ಲಿ ಆಗಿದ್ದರೆ ನನಗೂ ಎಷ್ಟೋ ಸಮಾಧಾನವಿರುತ್ತಿತ್ತು.

ಇಂಥ ವಿಷಯಗಳನ್ನು ನಾನು ನಂಬಿದವಳಲ್ಲ. ಮೈಮೇಲೆ ಬರುವುದು, ಸತ್ತವರು ಕಾಣಿಸುವುದು, ಬೇರೆಯವರ ದನಿಯಲ್ಲಿ ಮಾತಾಡುವುದು, ಇವನ್ನೆಲ್ಲ ಕೇಳುವಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ನನ್ನ ನಾದಿನಿಯ ಮೈಮೇಲೆ ಹಿಂದೆ ದೇವಿ ಬರುತ್ತಿತ್ತು. ಬಂದ ದೇವಿ ಕಾಫಿ ಕೇಳುತ್ತಿತ್ತು. "ದೇವಿಗೆ ಸಕ್ಕರೆ ಎಷ್ಟು ಚಮಚ?" ಎಂದು ನಾನು ಕೇಳಿದ್ದಕ್ಕೆ ನಾದಿನಿ ಬಹಳ ಕಾಲ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಅಂಥವಳು ಈಗ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಇದನ್ನು ಬರೆಯುತ್ತಿದ್ದೇನೆ. ನಾದಿನಿ ಓದಿದರೆ ನಗಲಿ.

ನನ್ನ ಮೊಮ್ಮಗಳು ಚೈತ್ರ ನರಸಿಂಹರಾಜಪುರದಲ್ಲಿ ನಮ್ಮ ಜೊತೆಯಲ್ಲೇ ಇದ್ದಾಳೆ. ಅವಳಿಗೊಂದು ಯೋಚನೆ ಹೊಳೆಯಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರು ನೆಲ್ಲಿಕಾಯಿ, ನೇರಳೆ, ಶುಂಠಿ, ವೀಳ್ಯದೆಲೆ, ಹೀಗೆ ಕೈಗೆ ಸಿಕ್ಕಿದ್ದರಲ್ಲೆಲ್ಲ ವೈನ್ ಮಾಡುತ್ತಾರಲ್ಲ, ಅಂಥ ಮನೆಗಳಿಗೆ ಪರ ಊರಿನವರನ್ನು ಕಾರಿನಲ್ಲಿ ಕರೆದುಕೊಂಡು ಹೋಗುವುದು. ಒಂದು ಸಲಕ್ಕೆ ಒಂದೇ ಕುಟುಂಬ, ಒಂದೇ ದಿನ. ದಾರಿಯಲ್ಲಿ ಗುಡ್ಡ, ಗದ್ದೆ, ತುಂಗಾ ಹೊಳೆ ತೋರಿಸುವುದು, ಮನೆಯವರ ಜೊತೆ ಕೂತು ಮಾತಾಡಿಸುವುದು, ರುಚಿ ನೋಡಿಸುವುದು. ಹೇಳುವುದಕ್ಕೆ ಸುಲಭ. ಗುರುತಿಲ್ಲದವರನ್ನು ಒಳಗೆ ಬಿಟ್ಟುಕೊಳ್ಳಲು ಮನೆಯವರು ಒಪ್ಪಬೇಕಲ್ಲ! ಚೈತ್ರ ಆ ಮನೆಗಳಿಗೆ ಅಲೆದಲೆದು ಚಪ್ಪಲಿ ಸವೆಸಿದಳು. ಕೊನೆಗೆ ಮೂರು ಮನೆಯವರು ಒಪ್ಪಿದರು. ಮೂರನೆಯವಳು ಕಿಗ್ಗದ ಹತ್ತಿರದ ವನಜ. ಅವಳು ಒಪ್ಪಿದ್ದು ಬಹಳ ಕಷ್ಟದಲ್ಲಿ, "ಬಂದವರು ಕೂತಲ್ಲಿ ಕೂರಬೇಕು, ಭರಣಿ ಮುಟ್ಟಬಾರದು" ಎಂಬ ಷರತ್ತಿನ ಮೇಲೆ.

ಮೊದಲ ಗಿರಾಕಿಗಳು ಹುಬ್ಬಳ್ಳಿಯ ಗಂಡ ಹೆಂಡತಿ. ನಾನೂ ಬರುತ್ತೇನೆಂದು ಹಟ ಹಿಡಿದೆ. "ಜೊತೆಯಲ್ಲೊಬ್ಬಳು ಅಜ್ಜಿ ಇದ್ದರೆ ಬಂದವರಿಗೂ ಧೈರ್ಯ, ಕರೆದವರಿಗೂ ಧೈರ್ಯ" ಎಂದು ವಾದ ಮಾಡಿದೆ. ಚೈತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಜ್ಜಿ, ಬಾ. ಆದ್ರೆ ಅಲ್ಲಿ ಹೋಗಿ ನಿನ್ನ ಕಿತಾಪತಿ ಎಂತದೂ ಬೇಡ ಮಾರಾಯ್ತಿ. ಇದು ಒಂದು ಹಾಳಾದ್ರೆ ಇನ್ಯಾರೂ ನಂಗೆ ಬಾಗಿಲು ತೆಗಿಯೂದಿಲ್ಲ."

"ನಾ ಎಂತ ಮಾಡ್ತೀನೆ? ನಂಗೆ ರವಕೆ ಹುಕ್ಕು ಹಾಕ್ಕೊಳ್ಳಕ್ಕೂ ನೀ ಬೇಕು."

ಅದು ನಿಜ. ನನ್ನ ಬೆರಳುಗಳಿಗೆ ಸಂಧಿವಾತ. ಬಲಗೈ ಹೆಬ್ಬೆರಳಂತೂ ಮಡಚುವುದೇ ಇಲ್ಲ. ಬೆಳ್ಳುಳ್ಳಿ ಸುಲಿಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು.

ಕೊಪ್ಪ ದಾಟಿ ಹಿರೇಕೊಡಿಗೆಯ ಮನೆಗೆ ಹೋದಾಗ ಇನ್ನೂ ಎಳೆ ಬಿಸಿಲು. ಅಲ್ಲಿ ನೆಲ್ಲಿಕಾಯಿ ವೈನ್. ಮನೆಯೊಡತಿ ಗ್ಲಾಸು ತುಂಬಿ ಕೊಟ್ಟಳು. ಹುಬ್ಬಳ್ಳಿಯಾಕೆ, "ಅಜ್ಜಿಯಾರ, ಒಂದೀಟು ನೀವೂ ನೋಡ್ರಿ, ಔಷಧಿ ಇದ್ದಂಗ ಐತಿ" ಎಂದರು. ಔಷಧಿ ಎಂದ ಮೇಲೆ ಬೇಡ ಅನ್ನಲಾಗುತ್ತದೆಯೇ? ಅದೇ ಆ ಎರಡು ಚಮಚ. ಶೃಂಗೇರಿಯ ಹೊರಗಿನ ಎರಡನೆಯ ಮನೆಯಲ್ಲಿ ಶುಂಠಿಯದ್ದು. ಘಾಟಿಗೇ ಕೆಮ್ಮು ಬಂತು, ಮುಟ್ಟಲಿಲ್ಲ. ಊಟಕ್ಕೆ ಮೊದಲು ಅವರೆಲ್ಲ ದೇವಸ್ಥಾನಕ್ಕೆ ಹೋದರು. ವೈನ್ ಸೋಕಿದ ಬಾಯಲ್ಲಿ ಶಾರದೆಯ ಎದುರು ನಿಲ್ಲುವುದು ಹೇಗೆ ಎಂದು ನಾನು ಕಾರಿನಲ್ಲೇ ಕೂತೆ. ಬೆಳಗಿನಿಂದ ಅಲ್ಲಿಯವರೆಗೆ ನನಗಿದ್ದ ನಾಚಿಕೆ ಅಷ್ಟೇ.

ವನಜಳ ಮನೆ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಐವತ್ತರ ಆಚೆಈಚೆ ಇರುವ ಗಟ್ಟಿ ಹೆಂಗಸು. ನಗು ಕಡಿಮೆ. ಜಗಲಿಯಲ್ಲಿ ಬೆಂಚು ಹಾಕಿ ಕೂರಿಸಿದಳು. ಬೆಂಚಿನ ತುದಿಯಲ್ಲಿ, ನನ್ನ ಪಕ್ಕಕ್ಕೇ, ಒಂದು ಮಣೆಯ ಮೇಲೆ ಹಳೆಯ ಪಿಂಗಾಣಿ ಭರಣಿ ಇತ್ತು. ಬಾಯಿಗೆ ಮೇಣ ಹಚ್ಚಿದ ಬಟ್ಟೆ, ಅದರ ಮೇಲೆ ಹುರಿ, ಹುರಿಗೆ ದೊಡ್ಡದೊಂದು ಗಂಟು. ಅಂಥ ಗಂಟು ನಾನು ನೋಡಿರಲಿಲ್ಲ. ಮುಡಿ ಕಟ್ಟಿದ ಹಾಗೆ ಸುತ್ತಿ ಸುತ್ತಿ ಒಳಗೆ ಹೋಗಿತ್ತು. ತುದಿ ಎಲ್ಲಿದೆಯೆಂದೇ ಕಾಣದು.

ಹುಬ್ಬಳ್ಳಿಯವರು ಅದೇನೆಂದು ಕೇಳಿದರು. ವನಜ ಹೇಳಿದಳು. ನಮ್ಮ ಕಡೆ ಭರಣಿ ಕಟ್ಟುವ ಹೆಂಗಸಿಗೆ ಅವಳದ್ದೇ ಗಂಟು ಎಂದಿರುತ್ತದೆ. ಅದೇ ಅವಳ ಬೀಗ. ಯಾರಾದರೂ ಕದ್ದು ಬಿಚ್ಚಿ ಮತ್ತೆ ಕಟ್ಟಿದರೆ ಕಂಡ ಕೂಡಲೇ ಗೊತ್ತಾಗುತ್ತದೆ. ಕಟ್ಟಿದವಳೇ ಬಿಚ್ಚಬೇಕು, ಕತ್ತಿ ತಾಗಿಸುವಂತಿಲ್ಲ. ಈ ಭರಣಿಯನ್ನು ಕಟ್ಟಿದ್ದು ವನಜಳ ಅತ್ತೆ, ಶೇಷಮ್ಮ. ಒಳಗಿರುವುದು ವೀಳ್ಯದೆಲೆ ವೈನ್. ಕಟ್ಟಿಟ್ಟ ತಿಂಗಳಲ್ಲೇ ಶೇಷಮ್ಮ ತೀರಿಹೋದರು. ಹನ್ನೆರಡನೆಯ ದಿನ ಸೇರಿದ್ದ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ಪ್ರಯತ್ನಿಸಿದರಂತೆ. ಯಾರಿಗೂ ಆಗಲಿಲ್ಲ. ಯಾರೋ ಕತ್ತಿ ತಂದಾಗ ವನಜ ಭರಣಿಯನ್ನು ತಬ್ಬಿಕೊಂಡು ಕೂತಳಂತೆ.

"ಒಳಗೆ ಇಷ್ಟೊತ್ತಿಗೆ ಹುಳಿಯಾಗಿ ಹಾಳಾಗಿರ್ಬಹುದು. ಅದು ನಂಗೆ ಬೇಡ" ಎಂದಳು. "ನಮ್ಮತ್ತೆ ನಂಗೆ ಎಲ್ಲಾ ಹೇಳಿಕೊಟ್ರು. ಎಲೆ ಎಷ್ಟು, ಬೆಲ್ಲ ಎಷ್ಟು, ಎಲ್ಲಾ. ಗಂಟು ಒಂದು ಹೇಳಿಕೊಡ್ಲಿಲ್ಲ. 'ನಾ ಇರೂವರೆಗೆ ಬೀಗ ನಂದು ಕಣೆ' ಅಂತಿದ್ರು. ಹಂಗಾಗಿ ದಿನಾ ಸಂಜೆ ಇದರ ಎದ್ರು ಕೂತು, ಇನ್ನೊಂದು ಹುರಿ ಇಟ್ಕೊಂಡು, ನೋಡಿ ನೋಡಿ ಕಲೀತಾ ಇದೀನಿ. ಮೇಲಿನ ಅರ್ಧ ಬಂತು. ಕೆಳಗಿನದ್ದು ಹ್ಯಾಂಗೆ ಹೋಗಿದೆ ಅಂತ ಇನ್ನೂ ಗೊತ್ತಾಗ್ಲಿಲ್ಲ."

ಹೀಗೆ ಹೇಳುವಾಗ ಅವಳ ಮುಖ ಬೇರೆಯೇ ಆಗಿತ್ತು. ನಾನು ಆ ಮುಖವನ್ನೇ ನೋಡುತ್ತಿದ್ದೆ. ನನ್ನ ಅತ್ತೆಯನ್ನು ನೆನೆದು ನಾನು ಹೀಗೆ ಒಂದು ದಿನವೂ ಕೂರಲಿಲ್ಲವಲ್ಲ ಎಂದು ಯೋಚಿಸುತ್ತಿದ್ದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಆಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಯಾರೂ ಕರೆಯಲಿಲ್ಲ, ಯಾವ ದನಿಯೂ ಕೇಳಲಿಲ್ಲ, ತಲೆ ತಿರುಗಲಿಲ್ಲ. ಬೆರಳ ತುದಿ ಸ್ವಲ್ಪ ಬೆಚ್ಚಗಿತ್ತು, ಬಿಸಿಲಿಗೆ ಹಿಡಿದಂತೆ. ಜಗಲಿಯ ಆ ಮೂಲೆಗೆ ಬಿಸಿಲು ಬೀಳುತ್ತಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

"ಅಯ್ಯಯ್ಯ ಅಜ್ಜಿಯಾರ, ಏನ್ ಮಾಡಾಕತ್ತೀರಿ!" ಎಂದು ಹುಬ್ಬಳ್ಳಿಯಾಕೆ ಕೂಗಿದರು.

ಕೆಳಗೆ ನೋಡಿದೆ. ಹುರಿ ನನ್ನ ಮಡಿಲಲ್ಲಿತ್ತು. ಇಡೀ ಹುರಿ, ತುದಿಯಿಂದ ತುದಿಗೆ, ಎಲ್ಲೂ ಹರಿದಿರಲಿಲ್ಲ. ಭರಣಿಯ ಬಾಯಿಯ ಬಟ್ಟೆ ಸಡಿಲವಾಗಿ ಒಂದು ಮಗ್ಗುಲಿಗೆ ಜಾರಿತ್ತು. ಒಳಗಿಂದ ಹಳೆಯ ವೀಳ್ಯದೆಲೆಯ ವಾಸನೆ ಮೆಲ್ಲಗೆ ಹೊರಗೆ ಬಂತು.

ವನಜ ಎದ್ದು ಬಂದಳು. ನನ್ನ ಮಡಿಲಿನ ಹುರಿಯನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದಳು. ಆಮೇಲೆ ಕೇಳಿದಳು, "ಯಾವ ಕಡೆಯಿಂದ ಬಿಚ್ಚಿದ್ರಿ? ಮೊದಲು ಯಾವ ಎಳೆ ಎಳೆದ್ರಿ?"

"ಗೊತ್ತಿಲ್ಲ ಮಾರಾಯ್ತಿ" ಎಂದೆ.

"ಈಗ ತಾನೆ ಬಿಚ್ಚಿದ್ದು ನೀವು!"

"ನಾ ನಿನ್ನ ಮುಖ ನೋಡ್ತಾ ಇದ್ದೆ. ಕೈ ನೋಡ್ಲಿಲ್ಲ."

ಹುಬ್ಬಳ್ಳಿಯಾಕೆ ಪಾಪ, ಸಹಾಯ ಮಾಡಲೆಂದು ಹೇಳಿದರು, "ಎಡಗೈಲೆ ಬಿಚ್ಚಿದ್ರಿ. ನಾ ನೋಡೀನಿ. ಬಲಗೈ ತೊಡಿ ಮ್ಯಾಲೇ ಇತ್ತು. ನೀವು ಎಡಚರು ಅಂದಕೊಂಡ್ನಿ." ನಾನು ಎಡಚಿಯಲ್ಲ. ವನಜ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. "ನಮ್ಮತ್ತೆ ಎಡಚರು" ಎಂದಳು.

ನೀವು ಬೆಚ್ಚಿಬೀಳುವುದಕ್ಕೆ ಮೊದಲು ಇದನ್ನೂ ಹೇಳಬೇಕು. ಬಲ ಹೆಬ್ಬೆರಳು ಕೆಟ್ಟ ಮೇಲೆ ಸಣ್ಣಪುಟ್ಟ ಕೆಲಸಕ್ಕೆ ನಾನು ಎಡಗೈಯನ್ನೇ ಮುಂದೆ ಮಾಡುವುದುಂಟು. ಆದರೆ ಎಡಗೈ ಬೆರಳುಗಳೂ ಸುಖವಾಗೇನೂ ಇಲ್ಲ. ಮಾತ್ರೆಯ ಪಟ್ಟಿ ಒಡೆಯುವುದಕ್ಕೇ ಒದ್ದಾಡುತ್ತವೆ. ಎಷ್ಟೋ ಹೆಣ್ಣುಮಕ್ಕಳು ಉಗುರು ಸವೆಸಿದರೂ ಬಿಡದ ಗಂಟನ್ನು ನೋಡದೆ ಬಿಚ್ಚಿದ್ದು ಹೇಗೆ? ಗಂಟು ಹಳತಾಗಿ ತಾನೇ ಸಡಿಲವಾಗಿತ್ತು ಎಂದರೆ ಒಪ್ಪಬಹುದು. ಆದರೆ ಹಿಂದಿನ ಸಂಜೆಯಷ್ಟೇ ವನಜ ಅದನ್ನು ಮುಟ್ಟಿ ನೋಡಿದ್ದಳು. ಕಲ್ಲಿನ ಹಾಗಿತ್ತಂತೆ.

ಹುಬ್ಬಳ್ಳಿಯಾಕೆಯ ಗಂಡ, "ಹೆಂಗೂ ಬಿಚ್ಚೇತಿ, ಒಂದೀಟು ರುಚಿ..." ಎಂದು ಶುರು ಮಾಡಿದರು. ಹೆಂಡತಿ ತೊಡೆ ಚಿವುಟಿದ ಸದ್ದು ನನಗೂ ಕೇಳಿಸಿತು. ಬೇರೆ ದಿನವಾಗಿದ್ದರೆ ನಾನೇ ಮೊದಲು ನಗುತ್ತಿದ್ದೆ.

ಕತ್ತಲಾಗುವವರೆಗೆ ಆ ಹುರಿ ಹಿಡಿದು ಕೂತೆ. ಹೀಗೆ ಸುತ್ತಿದೆ, ಹಾಗೆ ಸುತ್ತಿದೆ. ಎಡಗೈಯಲ್ಲಿ ಮಾಡಿದೆ. ಕಣ್ಣು ಮುಚ್ಚಿ ಮಾಡಿದೆ. ವನಜಳ ಮುಖ ನೋಡುತ್ತ ಮಾಡೋಣವೆಂದರೆ ಆ ಮುಖ ನೋಡುವ ಧೈರ್ಯ ಬರಲಿಲ್ಲ. ಆದದ್ದು ಕರುವಿನ ಕೊರಳಿಗೆ ಹಾಕುವಂಥ ಗಂಟು. ಬೆರಳು ನೋಯತೊಡಗಿತು. ಬಂದವರು ಗಡಿಯಾರ ನೋಡುತ್ತಿದ್ದರು. ವನಜ ಅವರಿಗೆ ತಾನು ಮಾಡಿದ ವೈನ್ ಕೊಡುವುದನ್ನೂ ಮರೆತಳು, ನಾವು ಕೇಳುವುದನ್ನೂ ಮರೆತೆವು.

ಹಿಂದಿರುಗುವಾಗ ಚೈತ್ರ ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳಬಹುದಿತ್ತು. ಕೊಪ್ಪ ದಾಟಿದ ಮೇಲೆ ನಾನೇ, "ಚೈತ್ರ, ಬೇಕಂತ ಮಾಡಿದ್ದಲ್ಲ ಕಣೆ" ಎಂದೆ. "ಗೊತ್ತು ಅಜ್ಜಿ" ಎಂದಳು. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ವನಜ ಆಮೇಲೆ ಯಾರನ್ನೂ ಮನೆಗೆ ಬಿಟ್ಟುಕೊಳ್ಳಲಿಲ್ಲ. ಉಳಿದೆರಡು ಮನೆಯವರು ಚೈತ್ರಳ ಕೈಬಿಡಲಿಲ್ಲ. ಆದರೆ ಪ್ರತಿ ಸಲವೂ ಫೋನು ಮಾಡಿ, "ಅಜ್ಜಿ ಬರೂದಿಲ್ಲ ತಾನೆ?" ಎಂದು ಕೇಳಿಕೊಳ್ಳುತ್ತಾರೆ. ಕಿಗ್ಗದ ಮನೆಯಿಲ್ಲದೆ ಅವಳ ದಿನ ಶೃಂಗೇರಿಯಲ್ಲೇ ಮುಗಿಯುತ್ತದೆ. ಬಂದವರಿಗೆ ಅದೊಂದು ಅರ್ಧ ದಿನದಂತೆ ಅನ್ನಿಸುತ್ತದಂತೆ. ಅವಳು ಇದನ್ನು ನನಗೆ ಹೇಳಿದ್ದಲ್ಲ, ಫೋನಿನಲ್ಲಿ ಯಾರಿಗೋ ಹೇಳುವಾಗ ಕೇಳಿಸಿಕೊಂಡೆ.

ಊರಿನವರಿಗಂತೂ ಹಬ್ಬ. ಕೆಲವರು ಶೇಷಮ್ಮನೇ ಬಂದು ಬಿಚ್ಚಿಸಿದರು ಎನ್ನುತ್ತಾರೆ. ಕೆಲವರು ಮುದುಕಿ ಮತ್ತಿನಲ್ಲಿದ್ದಳು ಎನ್ನುತ್ತಾರೆ. ನನ್ನ ನಾದಿನಿ, "ಈಗ ಗೊತ್ತಾಯ್ತಾ?" ಎಂದಷ್ಟೇ ಕೇಳಿ, ಕಾಫಿಗೆ ತಾನೇ ಸಕ್ಕರೆ ಹಾಕಿಕೊಂಡಳು. ಶೇಷಮ್ಮನೇ ಬಂದಿದ್ದರೆ ಸೊಸೆಯ ಕೈಗೆ ಬರಬಹುದಿತ್ತಲ್ಲ? ಗುರುತು ಪರಿಚಯವಿಲ್ಲದ ನನ್ನ ಕೈಯೇ ಯಾಕೆ? ಬಂದ ಶೇಷಮ್ಮ ಸೊಸೆಗೆ ಗಂಟು ಕಲಿಸದೆ ಹೋದದ್ದು ಯಾಕೆ? ಬರಲಿಲ್ಲ ಎನ್ನೋಣವೆಂದರೆ, ಆ ಕೆಲಸ ಮಾಡಿದ್ದು ಯಾರು? ನನಗೆ ಈ ಹೊತ್ತಿಗೂ ತಿಳಿಯದು.

ಮೊನ್ನೆ ಯಾರಿಗೂ ಹೇಳದೆ ಬಸ್ಸು ಹತ್ತಿ ಕಿಗ್ಗಕ್ಕೆ ಹೋದೆ. ಕೈಯಲ್ಲಿ ಹಣ್ಣು, ಹೂವು. ವನಜ ಒಳಗೆ ಕರೆದಳು, ಬಾಯಾರಿಕೆಗೆ ಕೊಟ್ಟಳು. ಮನೆಗೆ ಬಂದವರಿಗೆ ಅಷ್ಟನ್ನು ಯಾರೂ ತಪ್ಪಿಸುವುದಿಲ್ಲ. ಭರಣಿ ಅದೇ ಮಣೆಯ ಮೇಲೆ ಇತ್ತು, ಬಾಯಿಗೆ ತಟ್ಟೆ ಮುಚ್ಚಿಕೊಂಡು. ಹುರಿ ಅದರ ಕೊರಳಿಗೆ ಸುಮ್ಮನೆ ಸುತ್ತಿತ್ತು.

ಹಣ್ಣು ಹೂವನ್ನು ಅವಳ ಕೈಗಿಟ್ಟೆ. ಕಡೆಗೆ, "ವನಜಾ, ನನ್ನ ಕೈಗೆ ಅದು ಹ್ಯಾಂಗೆ ಗೊತ್ತಾಯ್ತೋ ದೇವರಾಣೆ ನಂಗೆ ಗೊತ್ತಿಲ್ಲ. ಗೊತ್ತಿಲ್ದೆ ಆಗಿಹೋಯ್ತು ಮಾರಾಯ್ತಿ, ಮನಸ್ಸಲ್ಲಿ ಇಟ್ಕೋಬೇಡ" ಎಂದೆ.

ಅವಳು ಹುರಿಯನ್ನು ತೆಗೆದು ತಂದು ನನ್ನ ಮಡಿಲಲ್ಲಿ ಇಟ್ಟಳು.

"ಗೊತ್ತಿಲ್ದೆ ಬಿಚ್ಚಿದ್ರಲ್ಲ ಅಮ್ಮಾ," ಎಂದಳು, "ಹಂಗೇ ಗೊತ್ತಿಲ್ದೆ ಕಟ್ಟಿಕೊಡಿ, ನೋಡುವ."