ಕೀಲಿಕೈ ಗೊಂಚಲು

"ಬಿದ್ದ ಹಾಗೆ ನಟಿಸಬೇಡಿ, ನಿಜವಾಗಿ ಬೀಳಿ" ಎಂದು ಇಪ್ಪತ್ತು ವರ್ಷ ನನ್ನ ನರ್ತಕರಿಗೆ ಹೇಳಿಕೊಟ್ಟೆ. ನಾನು ಕಟ್ಟುವ ನೃತ್ಯದಲ್ಲಿ ಗೆಜ್ಜೆಯಿಲ್ಲ, ಹಾಡಿಲ್ಲ. ಬೀಳುವುದು, ಏಳುವುದು, ಮತ್ತೆ ಬೀಳುವುದು, ಅಷ್ಟೇ. ತಂಡದ ಆರು ಜನ ಒಬ್ಬೊಬ್ಬರಾಗಿ ಬಿಟ್ಟುಹೋದರು. ಗುಡೇಕೋಟೆಯ ಶಾಲೆಯಲ್ಲಿ ಕಾರ್ಯಕ್ರಮ ಒಪ್ಪಿಕೊಂಡಾಗಿತ್ತು. ಎಲ್ಲರ ಪಾಲಿನದನ್ನೂ ನಾನೊಬ್ಬಳೇ ಕುಣಿದೆ.

ಜನ ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ನಾಲ್ಕನೇ ಸಲ ಬಿದ್ದು ಕೈಕಾಲು ನಡುಗಿಸುತ್ತಿದ್ದೆ. ನನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬಳು ವೇದಿಕೆ ಹತ್ತಿ ಓಡಿಬಂದಳು. ಸೊಂಟದಲ್ಲಿದ್ದ ಕೀಲಿಕೈ ಗೊಂಚಲು ಕಿತ್ತು ನನ್ನ ಅಂಗೈಗೆ ತುರುಕಿ, ಮುಷ್ಟಿ ಒತ್ತಿ ಹಿಡಿದಳು. ಮೂರ್ಛೆರೋಗದವರಿಗೆ ಕಬ್ಬಿಣ ಹಿಡಿಸುವುದು ನಮ್ಮ ಕಡೆಯ ರೂಢಿ.

"ಗಟ್ಟಿ ಹಿಡ್ಕಳವ್ವಾ. ಇಂಥಾಕೀನ ಒಬ್ಬಾಕಿನ್ನ ಬಿಟ್ಟು ನಿಮ್ಮೋರೆಲ್ಲ ಎಲ್ಲಿ ಹೋಗ್ಯಾರ?"

ಇದು ಡ್ಯಾನ್ಸ್ ಎಂದು ಹೇಳಬೇಕಿತ್ತು. ಆಕೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

"ಎಚ್ಚರಾತು ನೋಡ್ರಿ!" ಎಂದು ಯಾರೋ ಕೂಗಿದರು. ಇಡೀ ಅಂಗಳ ಚಪ್ಪಾಳೆ ತಟ್ಟಿತು.

ಸ್ವಲ್ಪ ಹೊತ್ತಾದ ಮೇಲೆ ಆಕೆ ನನ್ನ ಬೆರಳು ಬಿಡಿಸಿದಳು. "ಇನ್ನ ಕೊಡವ್ವಾ, ಮನಿ ಕೀಲಿ ತೆಗೀಬೇಕು" ಎಂದು ಗೊಂಚಲು ಸಿಕ್ಕಿಸಿಕೊಂಡು ಹೊರಟಳು.

ಇಪ್ಪತ್ತು ವರ್ಷದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಚಪ್ಪಾಳೆ ಅದು. ಸಿಕ್ಕಿದ್ದು ನಾನು ಕುಣಿಯುವುದನ್ನು ನಿಲ್ಲಿಸಿದ್ದಕ್ಕೆ.